ಹತ್ತಿಯ ಹೊನ್ನು, ಸಾಲದ ಸುಳಿ

1865ನೆಯ ಇಸವಿ, ಜುಲೈ ತಿಂಗಳ ಒಂದನೆಯ ತಾರೀಖು. ಮುಂಬಯಿಯ ವರ್ತಕರೂ ದಲಾಲರೂ ತಿಂಗಳುಗಳ ಹಿಂದೆಯೇ ಮಾಡಿಕೊಂಡಿದ್ದ ವಾಯಿದೆ ವ್ಯಾಪಾರಗಳೆಲ್ಲ ಅಂದು ಚುಕ್ತಾ ಆಗಬೇಕಾಗಿದ್ದವು. ಷೇರು ಕೊಳ್ಳುತ್ತೇನೆಂದು ಮಾತು ಕೊಟ್ಟವನು ಅಂದು ಹಣ ಎಣಿಸಬೇಕು. ಮಾರುತ್ತೇನೆಂದವನು ಷೇರನ್ನು ಒಪ್ಪಿಸಬೇಕು. ಆದರೆ ಎಣಿಸಿ ಕೊಡಲು ಹಣವುಳ್ಳವರು ಆ ಪೇಟೆಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಕೆಲವೇ ತಿಂಗಳ ಹಿಂದೆ ಲಕ್ಷಾಧೀಶರೆಂದು ಹೆಸರಾದವರು ಒಬ್ಬರ ಹಿಂದೊಬ್ಬರು ದಿವಾಳಿಯೆದ್ದರು. ಅವರನ್ನು ನಂಬಿ ಸಾಲ ಕೊಟ್ಟವರೂ ಮುಳುಗಿದರು; ಅವರಿಗೆ ಸಾಲ ಕೊಟ್ಟವರೂ ಮುಳುಗಿದರು.

ಇಂಥ ಅನರ್ಥಕ್ಕೆ ಕಾರಣವೇನಿದ್ದೀತು? ಆ ವರ್ಷ ಮುಂಬಯಿಯನ್ನು ಶತ್ರುಸೈನ್ಯ ಮುತ್ತಿರಲಿಲ್ಲ. ಬಂದರು ಬೆಂಕಿಗೆ ಆಹುತಿಯಾಗಿರಲಿಲ್ಲ. ಹೊಲಗಳಲ್ಲಿ ಹತ್ತಿ ಬೆಳೆಯುವುದು ನಿಂತಿರಲಿಲ್ಲ. ನಡೆದದ್ದು ಒಂದೇ ಸಂಗತಿ: ಸಾಗರಗಳಾಚೆಯ ಅಮೆರಿಕದಲ್ಲಿ ಯುದ್ಧ ನಿಂತು ಶಾಂತಿ ನೆಲಸಿತು!

ಶಾಂತಿಯಿಂದ ಒಂದು ನಗರ ಹಾಳಾಗುವುದೆಂದರೆ ವಿಚಿತ್ರವೆನಿಸಬಹುದು. ಆದರೆ ಆ ವಿಚಿತ್ರವನ್ನು ಬಿಡಿಸಿ ನೋಡಿದರೆ, 1929ರಲ್ಲಿ ನ್ಯೂಯಾರ್ಕಿನಲ್ಲಿ, 1997ರಲ್ಲಿ ಬ್ಯಾಂಕಾಕಿನಲ್ಲಿ, 2008ರಲ್ಲಿ ಇಡೀ ಜಗತ್ತಿನಲ್ಲಿ ನಡೆದುದರ ಮರ್ಮವೂ ಅದರಲ್ಲೇ ಇದೆ. ಹಣಕಾಸಿನ ಮುಗ್ಗಟ್ಟು ಕೆಟ್ಟ ಕಾಲದಲ್ಲಿ ಕಣ್ಣಿಗೆ ಬೀಳುತ್ತದೆ; ಆದರೆ ಅದು ಹುಟ್ಟಿ ಬೆಳೆಯುವುದು ಒಳ್ಳೆಯ ಕಾಲದ ತೊಟ್ಟಿಲಲ್ಲಿ.

ಧಾರವಾಡದಿಂದ ಲಿವರ್‌ಪೂಲಿಗೆ

ಆಗ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ ಜಗತ್ತಿಗೇ ಬಟ್ಟೆ ನೇಯುತ್ತಿತ್ತು. ಅಲ್ಲಿನ ಗಿರಣಿಗಳಿಗೆ ಬೇಕಾದ ಅರಳೆಯಲ್ಲಿ ಬಹುಪಾಲು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ, ಗುಲಾಮರ ದುಡಿಮೆಯಿಂದ ಬರುತ್ತಿತ್ತು. 1861ರ ಏಪ್ರಿಲಿನಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಉತ್ತರದ ಸರ್ಕಾರ ದಕ್ಷಿಣದ ಬಂದರುಗಳಿಗೆ ನೌಕಾದಿಗ್ಬಂಧನ ಹಾಕಿತು. ಅರಳೆಯ ಹಡಗುಗಳು ನಿಂತವು. ಲ್ಯಾಂಕಾಷೈರಿನ ಮಗ್ಗಗಳೂ ನಿಂತವು. ಲಕ್ಷಾಂತರ ಕೂಲಿಗಾರರ ಒಲೆಗಳು ಆರಿದವು.

ಗಿರಣಿಯ ಒಡೆಯರ ಕಣ್ಣು ಭಾರತದ ಮೇಲೆ ಬಿದ್ದಿತು. ಗುಜರಾತು, ವರ್ಹಾಡ, ಖಾನದೇಶಗಳ ಜೊತೆಗೆ ನಮ್ಮ ಧಾರವಾಡದ ಕಪ್ಪು ನೆಲಕ್ಕೂ ಆಗ ಒಮ್ಮೆಲೇ ಯೋಗ ಬಂದಿತು. ಅಮೆರಿಕದ ಹತ್ತಿಬೀಜ ನಮ್ಮ ದೇಶದಲ್ಲಿ ಚೆನ್ನಾಗಿ ನೆಲೆಯೂರಿದ ಕೆಲವೇ ಸೀಮೆಗಳಲ್ಲಿ ಧಾರವಾಡವೂ ಒಂದು. ರೈಲು ಇನ್ನೂ ಬಾರದ ಕಾಲ. ಅರಳೆಯ ಹೇರುಗಳು ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಮುಂಬಯಿಗೆ ಹೋಗುತ್ತಿದ್ದವು. ಲಿವರ್‌ಪೂಲಿನ ಧಾರಣೆಯ ಪಟ್ಟಿಯಲ್ಲಿ ‘ಧಾರವಾಡ’, ‘ಕುಮಟಾ’ ಎಂಬ ಹೆಸರುಗಳೇ ಅರಳೆಯ ಜಾತಿಗಳಾಗಿ ಅಚ್ಚಾಗುತ್ತಿದ್ದವು. ಹೀಗೆ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಸಿಡಿದ ಗುಂಡು ಬೆಣ್ಣೆಹಳ್ಳದ ದಂಡೆಯ ಒಕ್ಕಲಿಗನ ಹಣೆಬರಹವನ್ನು ಬದಲಿಸಿತು. ಅವನಿಗೆ ಆ ಯುದ್ಧದ ಹೆಸರೂ ತಿಳಿದಿರಲಿಕ್ಕಿಲ್ಲ.

ಅರಳೆಯ ಬೆಲೆ ಮೂರು ಪಟ್ಟು, ನಾಲ್ಕು ಪಟ್ಟು ಏರಿತು. ಆ ಸುಗ್ಗಿಯಲ್ಲಿ ಗಾಡಿಯ ಚಕ್ರಗಳಿಗೆ ಬೆಳ್ಳಿಯ ಹಳಿ ಹಾಕಿಸಿದವರಿದ್ದರೆಂಬ ಕಥೆ ಹತ್ತಿಯ ಸೀಮೆಗಳಲ್ಲಿ ಬಹುಕಾಲ ಉಳಿದಿತ್ತು. ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ಅರಳೆಯಿಂದ ಮಾಮೂಲಿಗಿಂತ ಹೆಚ್ಚಾಗಿ ಹರಿದುಬಂದ ಹಣ ಸುಮಾರು 8 ಕೋಟಿ ಪೌಂಡು ಎಂದು ಅಂದಾಜು. ಇದು ಕಾಗದದ ಲಾಭವಲ್ಲ. ಹಡಗುಗಳಲ್ಲಿ ಬಂದಿಳಿದ ಬೆಳ್ಳಿ, ಬಂಗಾರ.

ಇಲ್ಲಿಯವರೆಗೆ ಯಾರೂ ಯಾರನ್ನೂ ಮೋಸಗೊಳಿಸಿರಲಿಲ್ಲ. ಸರಕಿಗೆ ಅಭಾವ ಬಂತು, ಬೆಲೆ ಏರಿತು, ಮಾರಿದವರಿಗೆ ಲಾಭವಾಯಿತು. ದೊಡ್ಡ ಮುಗ್ಗಟ್ಟುಗಳ ಬುಡದಲ್ಲಿ ಹೆಚ್ಚಾಗಿ ಇಂಥ ಒಂದು ನಿಜವಾದ ಸಂಪತ್ತೇ ಇರುತ್ತದೆ. ಸುಳ್ಳು ಅದರ ಮೇಲೆ ಹಬ್ಬುವ ಬಳ್ಳಿ ಅಷ್ಟೆ.

ಕಡಲನ್ನು ಮಾರಿದ ಕಥೆ

ಬಂದ ಹಣಕ್ಕೆ ಮನೆಯೊಂದು ಬೇಕಾಯಿತು. ದಿನಕ್ಕೊಂದು ಬ್ಯಾಂಕು, ವಾರಕ್ಕೊಂದು ಕಂಪೆನಿ ಎಂಬಂತೆ ಹೊಸ ಸಂಸ್ಥೆಗಳು ಹುಟ್ಟಿದವು. 1865ರ ಆರಂಭಕ್ಕೆ ಮುಂಬಯಿಯಲ್ಲಿದ್ದ ಬ್ಯಾಂಕುಗಳ ಸಂಖ್ಯೆ 31. ಕಡಲನ್ನು ತೂರಿ ನೆಲ ಮಾಡುವ ಕಂಪೆನಿಗಳಂತೂ ಎಲ್ಲರ ಕಣ್ಮಣಿಯಾದವು. ಅವುಗಳಲ್ಲಿ ಮುಖ್ಯವಾದದ್ದು ಬ್ಯಾಕ್ ಬೇ ರಿಕ್ಲಮೇಷನ್ ಕಂಪೆನಿ. ಅದರ 5,000 ರೂಪಾಯಿಯ ಒಂದು ಷೇರು 50,000 ರೂಪಾಯಿಗೆ ಮಾರಾಟವಾಯಿತು. ನೆಲವಿನ್ನೂ ನೀರಿನ ಕೆಳಗಿತ್ತು! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬ ಗಾದೆ ನಮ್ಮಲ್ಲುಂಟು. ಇವರು ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಆ ಕುಲಾವಿಯನ್ನು ಅಡವಿಟ್ಟು ಸಾಲವನ್ನೂ ತಂದರು.

ಈ ಭರಾಟೆಯ ನಾಯಕಮಣಿ ಪ್ರೇಮಚಂದ ರಾಯಚಂದ. 1831ರಲ್ಲಿ ಹುಟ್ಟಿದ ಈ ಹತ್ತಿ ದಲಾಲ ಮೂವತ್ತೈದು ತುಂಬುವ ಮೊದಲೇ ಮುಂಬಯಿಯ ಪೇಟೆಯನ್ನು ಬೆರಳ ತುದಿಯಲ್ಲಿ ಕುಣಿಸಿದನು. ಯಾವ ಕಂಪೆನಿಯ ಷೇರು ಯಾರಿಗೆ ಸಿಕ್ಕಬೇಕೆಂಬುದು ಅವನ ಚೀಟಿಯ ಮೇಲೆ ನಿಂತಿತ್ತು. ಅವನು ದಾನಶೂರನೂ ಹೌದು. ಮುಂಬಯಿ ವಿಶ್ವವಿದ್ಯಾನಿಲಯದ ಗಡಿಯಾರದ ಗೋಪುರಕ್ಕೆ 1864ರಲ್ಲಿ ಹಣ ಕೊಟ್ಟು, ಅದಕ್ಕೆ ತಾಯಿ ರಾಜಾಬಾಯಿಯ ಹೆಸರಿಡಿಸಿದನು. ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿಯೂ ಅವನ ಹೆಸರಿನ ವಿದ್ಯಾರ್ಥಿವೇತನವಿದೆ. ದುಷ್ಟನೊಬ್ಬನ ಕುತಂತ್ರದಿಂದ ಊರು ಕೆಟ್ಟಿತೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ಪೂರ್ತಿ ಸತ್ಯವಾಗದು. ಇಡೀ ಊರೇ ಅವನು ಗೆಲ್ಲಲೆಂದು ಹಾರೈಸಿತ್ತು, ಅವನ ಗೆಲುವಿನಲ್ಲಿ ತನ್ನ ಪಾಲನ್ನು ಲೆಕ್ಕ ಹಾಕಿಕೊಂಡಿತ್ತು.

ಕಾವಲುಗಾರನೇ ಆಟಕ್ಕಿಳಿದಾಗ

ಆಟಕ್ಕೆ ಹಣ ಎಲ್ಲಿಂದ ಬಂತು? ಹತ್ತಿಯ ಲಾಭ ಒಂದು ಪಾಲು. ಅದಕ್ಕಿಂತ ಅಪಾಯದ ಪಾಲು ಸಾಲದಿಂದ ಬಂತು.

1840ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಬಾಂಬೆ ಆ ಪ್ರಾಂತದ ಅತ್ಯಂತ ಗೌರವಸ್ಥ ಸಂಸ್ಥೆ. ಸರ್ಕಾರವೂ ಅದರಲ್ಲಿ ಷೇರುದಾರ. ಅದರ ಆಡಳಿತ ಮಂಡಲಿಯಲ್ಲಿ ಸರ್ಕಾರದ ನಿರ್ದೇಶಕರೂ ಕುಳಿತಿದ್ದರು. ಮೊದಲು ಅದರ ಕಟ್ಟಳೆಗಳು ಬಿಗಿಯಾಗಿದ್ದವು. 1863ರಲ್ಲಿ ಹೊಸ ಶಾಸನ ಬಂದು ಅವುಗಳನ್ನು ಸಡಿಲಿಸಿತು; ಕಂಪೆನಿಗಳ ಷೇರುಗಳನ್ನು ಅಡವಿಟ್ಟುಕೊಂಡು ಸಾಲ ಕೊಡಲು ಬ್ಯಾಂಕಿಗೆ ಅವಕಾಶವಾಯಿತು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಸುಳಿ ಹುಟ್ಟುವ ಜಾಗ ಇದೇ. ಷೇರಿನ ಬೆಲೆ ಏರಿದರೆ ಅದರ ಮೇಲೆ ಹೆಚ್ಚು ಸಾಲ ಸಿಕ್ಕುತ್ತದೆ. ಆ ಸಾಲದಿಂದ ಮತ್ತಷ್ಟು ಷೇರು ಕೊಳ್ಳುತ್ತಾರೆ. ಕೊಳ್ಳುವವರು ಹೆಚ್ಚಿದ್ದರಿಂದ ಬೆಲೆ ಮತ್ತೆ ಏರುತ್ತದೆ. ಬೆಲೆ ಏರಿದ್ದರಿಂದ ಬ್ಯಾಂಕಿನ ಲೆಕ್ಕದಲ್ಲಿ ಅಡವು ಭದ್ರವಾಗಿ ಕಾಣುತ್ತದೆ. ಆದ್ದರಿಂದ ಮತ್ತೆ ಸಾಲ. ಸಾಲ ಬೆಲೆಯನ್ನು ಎತ್ತುತ್ತದೆ, ಬೆಲೆ ಸಾಲವನ್ನು ಎತ್ತುತ್ತದೆ. ಎರಡು ಹಲಗೆಗಳು ಒಂದಕ್ಕೊಂದು ಒರಗಿ ನಿಂತಂತೆ! ಎರಡಕ್ಕೂ ಬೇರೆ ಆಸರೆಯಿಲ್ಲವೆಂಬುದು ಅವು ಬೀಳುವ ಗಳಿಗೆಯವರೆಗೆ ತೋರುವುದಿಲ್ಲ.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶಸ್ತ್ರ ಕೆಳಗಿಟ್ಟನು. ಅಮೆರಿಕದ ಅರಳೆ ಮತ್ತೆ ಹೊರಡುವುದೆಂಬ ಸುದ್ದಿ ಮುಂಬಯಿಗೆ ಮುಟ್ಟುತ್ತಲೇ ಹತ್ತಿಯ ಬೆಲೆ ಕುಸಿಯಿತು. ಹಲಗೆಯೊಂದು ಜಾರಿತು. ಜುಲೈ 1ರ ವಾಯಿದೆಯ ದಿನ ಎರಡೂ ಬಿದ್ದವು. ಒಂದು ಕಾಲಕ್ಕೆ 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರನ್ನು ಕೊನೆಗೆ 87 ರೂಪಾಯಿಗೆ ಕೊಳ್ಳುವವರಿದ್ದರು. ಬ್ಯಾಂಕಿನ ಎರಡು ಕೋಟಿಗೂ ಮಿಕ್ಕ ಬಂಡವಾಳದ ಬಹುಭಾಗ ಕರಗಿಹೋಗಿ, 1868ರಲ್ಲಿ ಅದು ಬಾಗಿಲು ಮುಚ್ಚಿತು. ಸರ್ ಚಾರ್ಲ್ಸ್ ಜಾಕ್ಸನ್ನರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗ ಕುಳಿತಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಮೂರು ಬಗೆಯ ಸಾಲಗಾರರು

ಇಂಥ ಪ್ರಸಂಗಗಳಿಗೆ ಒಂದು ಸೂತ್ರ ಕೊಟ್ಟವನು ಹೈಮನ್ ಮಿನ್ಸ್ಕಿ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ. 1996ರಲ್ಲಿ ತೀರಿಕೊಂಡ ಅವನ ಮಾತಿಗೆ ಬದುಕಿದ್ದಾಗ ಕಿವಿಗೊಟ್ಟವರು ಕಡಿಮೆ. 2008ರ ಅನಂತರ ಎಲ್ಲರೂ ಅವನ ಪುಸ್ತಕಗಳ ಧೂಳು ಕೊಡವಿದರು. ಅವನು ಸಾಲಗಾರರನ್ನು ಮೂರು ಬಗೆಯಾಗಿ ವಿಂಗಡಿಸಿದನು.

ಮೊದಲನೆಯವನು ತನ್ನ ಆದಾಯದಿಂದಲೇ ಬಡ್ಡಿಯನ್ನೂ ಅಸಲನ್ನೂ ತೀರಿಸಬಲ್ಲವನು. ಸಂಬಳದ ಮಿತಿಯಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದ ಗೃಹಸ್ಥನಂತೆ. ಎರಡನೆಯವನ ಆದಾಯ ಬಡ್ಡಿಗೆ ಸಾಕು, ಅಸಲಿಗೆ ಸಾಲದು. ಗಡುವು ಬಂದಾಗಲೆಲ್ಲ ಅವನು ಹಳೆಯ ಸಾಲಕ್ಕೆ ಹೊಸ ಸಾಲ ಎತ್ತಬೇಕು. ಮೂರನೆಯವನಿಗೆ ಬಡ್ಡಿಗೂ ಆದಾಯವಿಲ್ಲ. ಕೊಂಡ ಆಸ್ತಿಯ ಬೆಲೆ ಏರುತ್ತಲೇ ಇರಬೇಕು. ಏರಿದ ಬೆಲೆಯ ಮೇಲೆ ಸಾಲ ಮಾಡಿಯೇ ಅವನು ಬಡ್ಡಿ ಕಟ್ಟಬೇಕು. ಬೆಲೆ ಇಳಿಯುವುದಿರಲಿ, ಏರುವುದು ನಿಂತರೂ ಸಾಕು, ಅವನ ಕಥೆ ಮುಗಿಯಿತು.

ಮಿನ್ಸ್ಕಿಯ ಮಾತಿನ ತಿರುಳು ಇದು: ಕಷ್ಟಕಾಲದಲ್ಲಿ ಬ್ಯಾಂಕುಗಳು ಮೊದಲನೆಯವನಿಗೆ ಮಾತ್ರ ಸಾಲ ಕೊಡುತ್ತವೆ. ಹತ್ತು ವರ್ಷ ಸುಖವಾಗಿ ಕಳೆದರೆ ಎಚ್ಚರ ಸಡಿಲುತ್ತದೆ. ನೆರೆಯವನು ಸಾಲ ಮಾಡಿ ಗೆದ್ದುದನ್ನು ಕಂಡು ಜಾಣನೂ ಸಾಲ ಮಾಡುತ್ತಾನೆ. ಪಕ್ಕದ ಬ್ಯಾಂಕಿನ ಲಾಭ ಕಂಡು ಜಾಗರೂಕ ಬ್ಯಾಂಕೂ ಕೈ ಸಡಿಲಿಸುತ್ತದೆ. ಮೊದಲನೆಯ ಬಗೆಯವರು ಎರಡನೆಯವರಾಗುತ್ತಾರೆ, ಎರಡನೆಯವರು ಮೂರನೆಯವರಾಗುತ್ತಾರೆ. ನೆಮ್ಮದಿಯೇ ಅನರ್ಥವನ್ನು ಸಾಕುತ್ತದೆ. 1864ರ ಮುಂಬಯಿಯಲ್ಲಿ ಪೇಟೆಯ ಬಹುಮಂದಿ ಮೂರನೆಯ ಬಗೆಯ ಸಾಲಗಾರರಾಗಿದ್ದರು.

ಬ್ಯಾಂಕಿನ ಒಳಗುಟ್ಟು

ಸಾಲಗಾರನ ದೌರ್ಬಲ್ಯ ಇದಾದರೆ, ಸಾಲ ಕೊಡುವವನದೂ ಒಂದು ದೌರ್ಬಲ್ಯವುಂಟು. ನಾವು ಬ್ಯಾಂಕಿನಲ್ಲಿಟ್ಟ ಹಣ ಕಬ್ಬಿಣದ ಪೆಟ್ಟಿಗೆಯಲ್ಲಿ ನಮ್ಮ ಹೆಸರು ಬರೆಸಿಕೊಂಡು ಕುಳಿತಿರುವುದಿಲ್ಲ. ಅದರಲ್ಲಿ ಬಹುಪಾಲು ಯಾರದೋ ಮನೆ, ಯಾರದೋ ಕಾರಖಾನೆ ಆಗಿ ಹೋಗಿರುತ್ತದೆ. ಹತ್ತು, ಇಪ್ಪತ್ತು ವರ್ಷಕ್ಕೆ ಹಿಂತಿರುಗುತ್ತದೆ. ಆದರೆ ನಮಗೆ ಬ್ಯಾಂಕು ಕೊಟ್ಟ ಮಾತು ಬೇಡಿದಾಗ ಕೊಡುವೆನೆಂಬುದು. ಎಲ್ಲರೂ ಒಂದೇ ದಿನ ಬೇಡುವುದಿಲ್ಲವೆಂಬ ನಂಬಿಕೆಯ ಮೇಲೆ ಬ್ಯಾಂಕಿನ ಬದುಕು ನಿಂತಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಬ್ಯಾಂಕಿನ ವಿಷಯದಲ್ಲಿ ಅಕ್ಷರಶಃ ನಿಜ.

ಮುಂಬಯಿಯ ಪತನದ ಮರುವರ್ಷವೇ, 1866ರ ಮೇ 10ರಂದು, ಲಂಡನ್ನಿನಲ್ಲಿ ಓವರೆಂಡ್ ಗರ್ನಿ ಎಂಬ ಹೆಸರಾಂತ ಹಣಕಾಸಿನ ಸಂಸ್ಥೆ ಬಾಗಿಲು ಹಾಕಿತು. ಅದು ಅಲ್ಪಾವಧಿಯ ಹಣ ಪಡೆದು, ಬೇಗ ಹಿಂತಿರುಗದ ಉದ್ಯಮಗಳಲ್ಲಿ ತೊಡಗಿಸಿತ್ತು. ಲಂಡನ್ನಿನ ಬೀದಿಗಳಲ್ಲಿ ಭೀತಿ ಹಬ್ಬಿತು. ಭಾರತದೊಡನೆ ವ್ಯವಹರಿಸುತ್ತಿದ್ದ ಹಲವು ಬ್ಯಾಂಕುಗಳೂ ಆ ಬಿರುಗಾಳಿಗೆ ಸಿಕ್ಕಿದವು. ಇದನ್ನು ಕಂಡು ವಾಲ್ಟರ್ ಬ್ಯಾಜಟ್ ಎಂಬ ಪತ್ರಿಕಾ ಸಂಪಾದಕ 1873ರಲ್ಲಿ ಒಂದು ನಿಯಮವನ್ನು ಪ್ರತಿಪಾದಿಸಿದನು. ಭೀತಿಯ ಕಾಲದಲ್ಲಿ ದೇಶದ ಕೇಂದ್ರ ಬ್ಯಾಂಕು ಒಳ್ಳೆಯ ಅಡವು ತಂದವರಿಗೆಲ್ಲ ಹೆಚ್ಚಿನ ಬಡ್ಡಿಗೆ ಧಾರಾಳವಾಗಿ ಸಾಲ ಕೊಡಬೇಕು ಎಂಬುದು ಅದರ ಸಾರ. ಕೇಂದ್ರ ಬ್ಯಾಂಕುಗಳು ಇಂದಿಗೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ನಡೆಯುತ್ತವೆ.

ಆದರೂ ರೋಗ ಹೋಗಿಲ್ಲ. 2018ರಲ್ಲಿ ನಮ್ಮ ದೇಶದ ಐಎಲ್ ಅಂಡ್ ಎಫ್ಎಸ್ ಸಂಸ್ಥೆ, ರಸ್ತೆ, ಸುರಂಗಗಳಂಥ ದೀರ್ಘಕಾಲದ ಕಾಮಗಾರಿಗಳಿಗೆ ಹಣ ಹಾಕಿ, ಅಲ್ಪಾವಧಿಯ ಸಾಲಗಳ ಗಡುವು ತಪ್ಪಿಸಿತು. ಅದರ ಸಾಲದ ಹೊರೆ 90,000 ಕೋಟಿ ರೂಪಾಯಿಗೂ ಹೆಚ್ಚು. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಠೇವಣಿದಾರರು ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ಹಿಂತೆಗೆದರು; ಮರುದಿನ ಬ್ಯಾಂಕು ಮುಚ್ಚಿತು. ಹಿಂದೆ ಜನ ಬ್ಯಾಂಕಿನ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲಬೇಕಾಗಿತ್ತು. ಈಗ ಕುಳಿತಲ್ಲಿಯೇ ಮೊಬೈಲಿನ ಮೇಲೆ ಬೆರಳಾಡಿಸಿದರೆ ಆಯಿತು.

ಬೆಂಕಿ ಹರಡುವ ದಾರಿ

ಒಂದು ಮನೆಗೆ ಬಿದ್ದ ಬೆಂಕಿ ಇಡೀ ಕೇರಿಯನ್ನು ಸುಡಬೇಕಾದರೆ ಮನೆಗಳ ಸೂರುಗಳು ತಾಗಿಕೊಂಡಿರಬೇಕು. ದೇಶದೇಶಗಳ ಆರ್ಥಿಕ ವ್ಯವಸ್ಥೆಗಳು ಹಾಗೆ ತಾಗಿಕೊಂಡಿವೆ.

1920ರ ದಶಕದ ನ್ಯೂಯಾರ್ಕಿನಲ್ಲಿ ಕೈಯಿಂದ 10 ಡಾಲರ್ ಹಾಕಿ, 90 ಡಾಲರನ್ನು ದಲಾಲನಿಂದ ಸಾಲ ಪಡೆದು ಷೇರು ಕೊಳ್ಳುವವರಿದ್ದರು. ಬೆಲೆ ನೂರಕ್ಕೆ ಹತ್ತು ಇಳಿದರೆ ಅವರ ಸ್ವಂತ ಹಣವೆಲ್ಲ ಮಾಯ. 1929ರ ಅಕ್ಟೋಬರಿನಲ್ಲಿ ಪೇಟೆ ಕುಸಿಯಿತು. ಸೆಪ್ಟೆಂಬರಿನಲ್ಲಿ 381ರಲ್ಲಿದ್ದ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈಗೆ 41ಕ್ಕೆ ಇಳಿಯಿತು. ಅಮೆರಿಕದಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದವು. ಅಮೆರಿಕದ ಸಾಲದಿಂದ ಉಸಿರಾಡುತ್ತಿದ್ದ ಯೂರೋಪಿಗೆ ಉಸಿರು ಕಟ್ಟಿತು. 1931ರ ಮೇ ತಿಂಗಳಲ್ಲಿ ವಿಯೆನ್ನಾದ ದೊಡ್ಡ ಬ್ಯಾಂಕು ಕ್ರೆಡಿಟಾನ್‌ಸ್ಟಾಲ್ಟ್ ಕುಸಿಯಿತು. ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿಗೂ ಬಂಗಾರಕ್ಕೂ ಇದ್ದ ಗಂಟನ್ನು ಬಿಚ್ಚಿತು.

ಇದರ ಕಾವು ನಮ್ಮ ಮನೆಗಳ ಒಳಕೋಣೆಯವರೆಗೆ ಬಂತು. ಬೆಳೆಯ ಬೆಲೆ ಪಾತಾಳಕ್ಕಿಳಿದಿತ್ತು. ಕಂದಾಯವೂ ಸಾಲದ ಬಡ್ಡಿಯೂ ಇಳಿದಿರಲಿಲ್ಲ. ಒಕ್ಕಲು ಮನೆಗಳ ಹೆಂಗಸರ ಕೈಬಳೆ, ಕಾಸಿನ ಸರಗಳು ಅಕ್ಕಸಾಲಿಗನ ಮೂಸೆಗೆ ಬಿದ್ದವು. 1931ರ ಅನಂತರ ಕೆಲವು ವರ್ಷ ಭಾರತದಿಂದ ಹಡಗು ಹಡಗಾಗಿ ಬಂಗಾರ ಹೊರದೇಶಕ್ಕೆ ಹೋಯಿತು. ನ್ಯೂಯಾರ್ಕಿನ ಷೇರಿನ ಆಟಕ್ಕೂ ನಮ್ಮ ತಾಯಂದಿರ ಕೊರಳಿಗೂ ಏನು ಸಂಬಂಧ? ಸಾಲದ ಸರಪಳಿ ಎಷ್ಟು ಉದ್ದವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

1997ರಲ್ಲಿ ಪೂರ್ವದೇಶಗಳ ಸರದಿ. ಥಾಯ್ಲೆಂಡಿನ ಸಂಸ್ಥೆಗಳು ಕಡಿಮೆ ಬಡ್ಡಿಗೆ ಡಾಲರಿನಲ್ಲಿ ಅಲ್ಪಾವಧಿಯ ಸಾಲ ತಂದು, ಬ್ಯಾಂಕಾಕಿನಲ್ಲಿ ಗಗನಚುಂಬಿ ಕಟ್ಟಡಗಳಿಗೆ ಹಾಕಿದ್ದವು. ಬಾಡಿಗೆ ಬರುವುದು ಬಾಹ್ತ್‌ನಲ್ಲಿ, ತೀರಿಸಬೇಕಾದದ್ದು ಡಾಲರಿನಲ್ಲಿ. ಜುಲೈ 2ರಂದು ಸರ್ಕಾರ ಬಾಹ್ತ್‌ನ ಬೆಲೆಯನ್ನು ಕಾಯಲಾರದೆ ಕೈಬಿಟ್ಟಿತು. ಡಾಲರಿಗೆ 25 ಇದ್ದ ಬಾಹ್ತ್ ಆರು ತಿಂಗಳಲ್ಲಿ 50ನ್ನು ದಾಟಿತು. ಸಾಲವೂ ಅದೇ ಪ್ರಮಾಣದಲ್ಲಿ ದುಪ್ಪಟ್ಟಾಯಿತು. ಇಂಡೋನೇಷ್ಯ, ದಕ್ಷಿಣ ಕೊರಿಯಗಳೂ ಒಂದರ ಹಿಂದೊಂದು ಕುಸಿದವು. 1998ರ ಮೊದಲಲ್ಲಿ ಕೊರಿಯದ ಲಕ್ಷಾಂತರ ಸಂಸಾರಸ್ಥರು ಮದುವೆಯ ಉಂಗುರಗಳನ್ನೂ ಮಕ್ಕಳ ಆಭರಣಗಳನ್ನೂ ದೇಶದ ಸಾಲಕ್ಕೆಂದು ತಂದೊಪ್ಪಿಸಿದರು. ಹೀಗೆ ಕೂಡಿದ ಬಂಗಾರ 200 ಟನ್ನಿಗೂ ಹೆಚ್ಚು.

2008: ಹಳೆಯ ಸುಳಿ, ಹೊಸ ನೀರು

2008ರ ಮುಗ್ಗಟ್ಟಿನಲ್ಲಿ ಹತ್ತಿಯ ಜಾಗದಲ್ಲಿ ಅಮೆರಿಕದ ಮನೆಗಳಿದ್ದವು. ಮನೆಯ ಬೆಲೆ ಏರುತ್ತಲೇ ಇರುತ್ತದೆಂಬ ನಂಬಿಕೆಯಲ್ಲಿ, ತೀರಿಸುವ ಶಕ್ತಿಯಿಲ್ಲದವರಿಗೂ ಗೃಹಸಾಲ ಕೊಟ್ಟರು. ಇವುಗಳಿಗೆ ‘ಸಬ್‌ಪ್ರೈಮ್’ ಸಾಲಗಳೆಂದು ಹೆಸರು. ಸಾಲ ಕೊಟ್ಟ ಬ್ಯಾಂಕು ಅದನ್ನು ತನ್ನಲ್ಲೇ ಇಟ್ಟುಕೊಂಡಿದ್ದರೆ ಸಾಲಗಾರನ ಮುಖ ನೋಡಿ ಕೊಡುತ್ತಿತ್ತು. ಆದರೆ ಸಾವಿರಾರು ಸಾಲಗಳನ್ನು ಒಂದು ಗಂಟಾಗಿ ಕಟ್ಟಿ, ಆ ಗಂಟನ್ನು ಪತ್ರಗಳಾಗಿ ಹರಿದು, ದೇಶವಿದೇಶಗಳಿಗೆ ಮಾರಿಬಿಟ್ಟರು. ರೇಟಿಂಗ್ ಸಂಸ್ಥೆಗಳು ಆ ಪತ್ರಗಳ ಮೇಲೆ ಅತ್ಯುತ್ತಮವೆಂಬ ಮುದ್ರೆ ಒತ್ತಿದವು. ಮುದ್ರೆಗೆ ಹಣ ಕೊಡುತ್ತಿದ್ದವರು ಪತ್ರ ಮಾರುವವರೇ. ಕೊಟ್ಟವನಿಗೆ ಪಡೆದವನು ಗೊತ್ತಿಲ್ಲ. ಕೊಂಡವನಿಗೆ ಕೊಂಡದ್ದೇನೆಂದು ಗೊತ್ತಿಲ್ಲ.

ದೊಡ್ಡ ದೊಡ್ಡ ಹಣಕಾಸು ಸಂಸ್ಥೆಗಳು ಒಂದು ಡಾಲರ್ ಸ್ವಂತ ಬಂಡವಾಳಕ್ಕೆ ಸುಮಾರು ಮೂವತ್ತು ಡಾಲರಿನ ಆಸ್ತಿ ಇಟ್ಟುಕೊಂಡು ವ್ಯವಹರಿಸುತ್ತಿದ್ದವು. ಅಂದರೆ ಆಸ್ತಿಯ ಬೆಲೆ ನೂರಕ್ಕೆ ನಾಲ್ಕರಷ್ಟು ಇಳಿದರೂ ಬಂಡವಾಳವೆಲ್ಲ ಹೋದಂತೆ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಸಂಸ್ಥೆ 60,000 ಕೋಟಿ ಡಾಲರಿಗೂ ಮಿಕ್ಕ ಸಾಲದೊಡನೆ ದಿವಾಳಿಯೆದ್ದಿತು. ಬ್ಯಾಂಕು ಬ್ಯಾಂಕನ್ನು ನಂಬದಾಯಿತು. 2009ರಲ್ಲಿ, ಎರಡನೆಯ ಮಹಾಯುದ್ಧದ ಅನಂತರ ಮೊದಲ ಬಾರಿಗೆ, ಇಡೀ ಜಗತ್ತಿನ ಒಟ್ಟು ಉತ್ಪನ್ನವೇ ಇಳಿಯಿತು. ನಮ್ಮ ಷೇರುಪೇಟೆಯ ಸೆನ್ಸೆಕ್ಸ್ ಜನವರಿಯ 21,000ದಿಂದ ಅಕ್ಟೋಬರಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಆದರೂ ನಮ್ಮ ಬ್ಯಾಂಕುಗಳು ಬೀಳಲಿಲ್ಲ. ಮನೆ, ನಿವೇಶನಗಳ ಸಾಲ ಮಿತಿಮೀರುತ್ತಿದ್ದಾಗ, ವೈ. ವಿ. ರೆಡ್ಡಿಯವರು ಗವರ್ನರಾಗಿದ್ದ ರಿಸರ್ವ್ ಬ್ಯಾಂಕು ಅಂಥ ಸಾಲಗಳಿಗೆ ಹೆಚ್ಚು ಬಂಡವಾಳ ತೆಗೆದಿಡಬೇಕೆಂದು ಮೊದಲೇ ಕಟ್ಟಳೆ ವಿಧಿಸಿತ್ತು. ಆಗ ಅದನ್ನು ಅತಿಯಾದ ಅಂಜುಬುರುಕುತನವೆಂದು ಗೊಣಗಿದವರಿದ್ದರು. 1863ರಲ್ಲಿ ಸಡಿಲಿದ ಕಟ್ಟಳೆಗೂ ಇದಕ್ಕೂ ಇರುವ ಅಂತರವನ್ನು ಓದುಗರೇ ತೂಗಿ ನೋಡಬಹುದು.

ಬುನಾದಿಯ ಬಿರುಕುಗಳು

ಪ್ರತಿ ಮುಗ್ಗಟ್ಟಿಗೂ ಅದರದೇ ಆದ ನೆಪವಿರುತ್ತದೆ. ಆದರೆ ಜಗತ್ತಿನ ಆರ್ಥಿಕ ಕಟ್ಟಡದ ಬುನಾದಿಯಲ್ಲೇ ಕೆಲವು ಬಿರುಕುಗಳಿವೆ.

ಮೊದಲನೆಯದು, ಸಾಲ. ಸರ್ಕಾರಗಳು, ಕಂಪೆನಿಗಳು, ಸಂಸಾರಗಳು ಸೇರಿ ಹೊತ್ತಿರುವ ಒಟ್ಟು ಸಾಲ ಇಂದು ಜಗತ್ತಿನ ವಾರ್ಷಿಕ ಉತ್ಪನ್ನದ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಬಡ್ಡಿಯ ದರ ಸ್ವಲ್ಪ ಏರಿದರೂ ನಡುಗುವವರು ಬಹಳ.

ಎರಡನೆಯದು, ಅಸಮತೋಲನ. ಕೆಲವು ದೇಶಗಳು ಸದಾ ಮಾರುತ್ತವೆ, ಕೆಲವು ಸದಾ ಕೊಳ್ಳುತ್ತವೆ. ಮಾರುವ ದೇಶದಲ್ಲಿ ಕೂಡಿದ ಹಣ ಸಾಲವಾಗಿ ಕೊಳ್ಳುವ ದೇಶಕ್ಕೇ ಮರಳುತ್ತದೆ. 2008ಕ್ಕೆ ಮೊದಲು ಚೀನದ ಉಳಿತಾಯ ಅಮೆರಿಕಕ್ಕೆ ಹರಿದದ್ದು ಹೀಗೆ. ಜರ್ಮನಿಯ ಹಣ ಗ್ರೀಸ್, ಸ್ಪೇನುಗಳಿಗೆ ಹರಿದದ್ದೂ ಹೀಗೆ. 1944ರ ಬ್ರೆಟನ್ ವುಡ್ಸ್ ಸಮ್ಮೇಳನದ ಸಿದ್ಧತೆಯ ಕಾಲದಲ್ಲಿ ಇಂಗ್ಲೆಂಡಿನ ಕೇನ್ಸ್, ಸಾಲ ಮಾಡುವ ದೇಶದಂತೆಯೇ ಅತಿಯಾಗಿ ಕೂಡಿಹಾಕುವ ದೇಶವೂ ತನ್ನ ದಾರಿಯನ್ನು ತಿದ್ದಿಕೊಳ್ಳಬೇಕೆಂಬ ಯೋಜನೆಯೊಂದನ್ನು ಮಂಡಿಸಿದ್ದನು. ಆಗ ಕೂಡಿಹಾಕುತ್ತಿದ್ದ ದೇಶ ಅಮೆರಿಕ. ಅದು ಒಪ್ಪಲಿಲ್ಲ.

ಮೂರನೆಯದು, ಒಂದೇ ನಾಣ್ಯದ ಮೇಲಿನ ಅವಲಂಬನೆ. ಎಣ್ಣೆಗೂ ಔಷಧಕ್ಕೂ ಸಾಲಕ್ಕೂ ಜಗತ್ತು ಡಾಲರನ್ನು ನೆಚ್ಚಿಕೊಂಡಿದೆ. ವಾಷಿಂಗ್ಟನ್ನಿನಲ್ಲಿ ಬಡ್ಡಿ ಏರಿಸುವುದು ಅಮೆರಿಕದ ಬೆಲೆಯೇರಿಕೆಯನ್ನು ತಡೆಯಲು. ಪೆಟ್ಟು ಬೀಳುವುದು ದೂರದ ಸಾಲಗಾರರಿಗೆ. 1980ರ ಸುಮಾರಿಗೆ ಹೀಗೆ ಬಡ್ಡಿ ಏರಿದಾಗ, 1982ರ ಆಗಸ್ಟಿನಲ್ಲಿ ಮೆಕ್ಸಿಕೊ ಕೈಯೆತ್ತಿತು. ಲ್ಯಾಟಿನ್ ಅಮೆರಿಕ ಹತ್ತು ವರ್ಷ ಚೇತರಿಸಿಕೊಳ್ಳಲಿಲ್ಲ. 1991ರಲ್ಲಿ ನಮ್ಮ ಬೊಕ್ಕಸದಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶೀ ಹಣ ಉಳಿದು, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಬಂಗಾರ ಲಂಡನ್ನಿಗೆ ಅಡವಾಗಿ ಹೋಯಿತು. 2022ರಲ್ಲಿ ನೆರೆಯ ಶ್ರೀಲಂಕಾ ಸ್ವಾತಂತ್ರ್ಯ ಪಡೆದ ಮೇಲೆ ಮೊದಲ ಸಲ ವಿದೇಶೀ ಸಾಲ ತೀರಿಸಲಾರದೆ ನಿಂತಿತು.

ನಾಲ್ಕನೆಯದು, ಕಣ್ಣಿಗೆ ಬೀಳದ ಸಾಲ. ಬ್ಯಾಂಕುಗಳ ಮೇಲೆ ಕಟ್ಟಳೆ ಬಿಗಿಯಾದಷ್ಟೂ ಹಣ ಕಟ್ಟಳೆಯಿಲ್ಲದ ಕಡೆಗೆ ಹರಿಯುತ್ತದೆ. ಜಗತ್ತಿನ ಹಣಕಾಸಿನ ಆಸ್ತಿಯಲ್ಲಿ ಈಗ ಸುಮಾರು ಅರ್ಧದಷ್ಟು ಬ್ಯಾಂಕುಗಳಲ್ಲದ ಸಂಸ್ಥೆಗಳಲ್ಲಿದೆ. ನೀರು ತಗ್ಗನ್ನು ಹುಡುಕುವಂತೆ ಸಾಲ ಸಡಿಲವನ್ನು ಹುಡುಕುತ್ತದೆ.

ತೆರುವವರು ಯಾರು?

ಆಡಿದವನೇ ಸೋಲುವುದಾದರೆ ಇದನ್ನೆಲ್ಲ ಜೂಜೆಂದು ಬಿಟ್ಟುಬಿಡಬಹುದಾಗಿತ್ತು. ಮುಂಬಯಿಯ ಕಥೆಯ ಕೊನೆಯ ಅಧ್ಯಾಯ ನಡೆದದ್ದು ಮುಂಬಯಿಯಲ್ಲಲ್ಲ. ಹತ್ತಿಯ ಬೆಲೆ ಏರಿದ್ದಾಗ ದಖನ್ನಿನ ಸಾಹುಕಾರರು ಒಕ್ಕಲಿಗರಿಗೆ ಕೇಳಿದಷ್ಟು ಸಾಲ ಕೊಟ್ಟಿದ್ದರು. ಬೆಲೆ ಇಳಿಯಿತು, ಸಾಲದ ಬಾಗಿಲು ಮುಚ್ಚಿತು, ಅದೇ ಕಾಲದಲ್ಲಿ ಸರ್ಕಾರ ಕಂದಾಯ ಏರಿಸಿತು. ಹೊಲಗಳು ಸಾಹುಕಾರರ ಹೆಸರಿಗೆ ಹೋಗತೊಡಗಿದವು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ, ಲೆಕ್ಕದ ಪುಸ್ತಕಗಳನ್ನೂ ಸಾಲದ ಪತ್ರಗಳನ್ನೂ ಬೀದಿಯಲ್ಲಿ ಸುಟ್ಟರು. ದಂಗೆ ಅಹಮದನಗರದವರೆಗೆ ಹಬ್ಬಿತು. ಮುಂಬಯಿಯ ಷೇರಿನ ಹೆಸರು ಕೇಳದವರು, ಬ್ಯಾಕ್ ಬೇಯ ಕಡಲನ್ನು ಕಾಣದವರು, ಹತ್ತು ವರ್ಷದ ಅನಂತರ ಆ ಆಟದ ಬಾಕಿಯನ್ನು ತೆರುತ್ತಿದ್ದರು. 2008ರ ಅನಂತರ ಕೆಲಸ ಕಳೆದುಕೊಂಡ ಕೋಟ್ಯಂತರ ಮಂದಿಯಲ್ಲೂ ಆ ಸಾಲಪತ್ರಗಳನ್ನು ಕಣ್ಣಿನಿಂದ ಕಂಡವರು ಎಷ್ಟು ಜನರಿದ್ದಾರು?

ಪಾಠ ಕಲಿತದ್ದೇ ಇಲ್ಲವೆಂದಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿ ಸಾವಿರಾರು ಸಂಸಾರಗಳು ಕಂಗೆಟ್ಟ ಮೇಲೆ, 1962ರ ಜನವರಿ 1ರಿಂದ ನಮ್ಮ ದೇಶದಲ್ಲಿ ಠೇವಣಿ ವಿಮೆ ಜಾರಿಗೆ ಬಂತು. ಆಗ ವಿಮೆಯ ಮಿತಿ 1,500 ರೂಪಾಯಿ. 2020ರಲ್ಲಿ ಅದು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷಕ್ಕೆ ಏರಿತು. ಬ್ಯಾಂಕುಗಳು ಇಟ್ಟುಕೊಳ್ಳಬೇಕಾದ ಬಂಡವಾಳದ ಪ್ರಮಾಣವೂ 2008ರ ಅನಂತರ ಎಲ್ಲ ಕಡೆಗಳಲ್ಲಿ ಹೆಚ್ಚಿತು. ಆದರೆ ಕಟ್ಟಳೆಗಳು ಗಟ್ಟಿಯಾಗುವುದು ಮುಗ್ಗಟ್ಟಿನ ಮರುದಿನ, ಸಡಿಲವಾಗುವುದು ಸುಗ್ಗಿಯ ದಿನ. ಈ ಕ್ರಮ ತಿರುಗಿದಾಗಲೇ ನಿಜವಾದ ರಕ್ಷಣೆ.

ಜಗತ್ತಿನ ಹಣಕಾಸನ್ನು ತಿದ್ದುವುದು ಗೃಹಸ್ಥನ ಕೈಯಲ್ಲಿಲ್ಲ. ಆದರೆ ತನ್ನ ಮನೆಯ ಬಾಗಿಲಿಗೆ ಬಂದ ಪ್ರತಿಯೊಂದು ಲಾಭದ ಆಮಿಷಕ್ಕೂ ಅವನು ಮೂರು ಪ್ರಶ್ನೆ ಕೇಳಬಹುದು. ಈ ಆದಾಯ ಹುಟ್ಟುವುದು ದುಡಿಮೆಯಿಂದಲೋ, ಬೆಲೆ ಏರುವುದರಿಂದಲೋ? ಏರುತ್ತಿರುವ ಬೆಲೆಯ ಹಿಂದೆ ಯಾರ ಸಾಲವಿದೆ? ನನ್ನ ಹಣವನ್ನು ನಾನು ಬೇಡಿದ ದಿನವೇ ಎಲ್ಲರೂ ಬೇಡಿದರೆ ಏನಾಗುತ್ತದೆ? ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಾಲದಲ್ಲಿ, ಎತ್ತು ಈಯುವುದುಂಟೆ ಎಂದು ಕೇಳುವವನೇ ಉಳಿಯುವವನು.

ರಾಜಾಬಾಯಿಯ ಗೋಪುರ 1878ರಲ್ಲಿ ಪೂರ್ತಿಯಾಯಿತು. ಅಷ್ಟು ಹೊತ್ತಿಗೆ ಹಣ ಕೊಟ್ಟ ಪ್ರೇಮಚಂದನ ಐಶ್ವರ್ಯ ಎಂದೋ ಕರಗಿತ್ತು. ಗೋಪುರದ ಗಡಿಯಾರ ಇಂದಿಗೂ ಮುಂಬಯಿಗೆ ಹೊತ್ತು ತಿಳಿಸುತ್ತಿದೆ. ಮುಂದಿನ ವಾಯಿದೆ ಎಂದು ಮುಗಿಯುವುದೆಂಬುದನ್ನು ಮಾತ್ರ ಅದು ಹೇಳಲಾರದು.